ಅಪ್ಪನ ಡಬ್ಬಿಯಲ್ಲಿ ಆನೆ ಚಿತ್ರದ 2 ರೂಪಾಯಿ ಸಿಕ್ಕಿದೆ, ನಿಜವಾಗ್ಲೂ ಲಕ್ಷ ಬೆಲೆನಾ?

ಅರಸೀಕೆರೆ ಜಂಕ್ಷನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಣ್ಯದ ವಿಷಯ ನನಗೆ ಏನೂ ಗೊತ್ತಿಲ್ಲ. ದಡ್ಡ ಪ್ರಶ್ನೆ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಮೊದಲು ಗೂಡ್ಸ್, ಆಮೇಲೆ ಪ್ಯಾಸೆಂಜರ್. ರಿಟೈರ್ ಆಗಿ ಹದಿನಾಲ್ಕು ವರ್ಷ ಆಯಿತು. ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಅವರ ಹಳೇ ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಒಂದು ಸೀಟಿ, ನಿಂತುಹೋದ ಎಚ್‌ಎಂಟಿ ವಾಚು, ತುಕ್ಕು ಹಿಡಿದ ಬ್ಲೇಡು, ಜೊತೆಗೆ ನ್ಯೂಸ್ ಪೇಪರಿನ ಒಂದು ಪೊಟ್ಟಣ. ಪೊಟ್ಟಣ ಬಿಚ್ಚಿದರೆ ಐದು 2 ರೂಪಾಯಿ ನಾಣ್ಯ. ಐದೂ ಒಂದೇ ಥರ. ಒಂದು ಕಡೆ ಸಿಂಹ. ಇನ್ನೊಂದು ಕಡೆ ಒಂದು ಆನೆ ಮನುಷ್ಯರ ಹಾಗೆ ನಿಂತು ಕೈಯಲ್ಲಿ ದೀಪ ಹಿಡಿದಿದೆ. ಇಸವಿ 2003. ಆಕಾರ ಪೂರ್ತಿ ದುಂಡಗಿಲ್ಲ, ಅಂಚಿನಲ್ಲಿ ಮೂಲೆ ಮೂಲೆ ಇದೆ.

ನನ್ನ ಅಣ್ಣನ ಮಗ ಅದನ್ನು ಮೊಬೈಲಲ್ಲಿ ಹುಡುಕಿದ. "ರೈಲು ಆನೆ ನಾಣ್ಯ ಇದ್ದರೆ 5 ಲಕ್ಷ" ಅಂತ ಯಾವುದೋ ವಿಡಿಯೋ ಬಂತಂತೆ. ಕೆಳಗಿದ್ದ ಫಾರಂನಲ್ಲಿ ನಂಬರ್ ಹಾಕಿದ್ದಾನೆ. ಅರ್ಧ ಗಂಟೆಗೆ ಫೋನು. ಐದಕ್ಕೂ ಸೇರಿ ಮೂರೂವರೆ ಲಕ್ಷ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಸು 750 ಕಳಿಸಿ ಅಂದರು. ಹುಡುಗ ನಮ್ಮನ್ನು ಒಂದು ಮಾತು ಕೇಳದೆ ಕಳಿಸಿಯೂ ಬಿಟ್ಟ. ಈಗ ಜಿಎಸ್‌ಟಿ ಅಂತ 6,200 ಕೇಳುತ್ತಿದ್ದಾರೆ. ರಿಸರ್ವ್ ಬ್ಯಾಂಕಿನ ಮೊಹರು ಇರುವ ಒಂದು ಪತ್ರ ಬೇರೆ ವಾಟ್ಸಾಪಿಗೆ ಬಂದಿದೆ. ಇದನ್ನು ನಂಬಬಹುದಾ?

ಇನ್ನೊಂದು. ನಾಣ್ಯ ಕಪ್ಪಗಾಗಿವೆ. ಹುಣಸೆಹಣ್ಣು ನೆನೆಸಿ ಇಟ್ಟಿದ್ದೇನೆ. ಉಜ್ಜಬಹುದಾ?

ಅಪ್ಪನದೂ ಒಂದು ಪ್ರಶ್ನೆ ಇದೆ. ಲಕ್ಷದ ಕಥೆ ಅವರ ಕಿವಿಗೇ ಬೀಳಲಿಲ್ಲ. ಭೂತಗನ್ನಡಿ ಹಿಡಿದು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ದೀಪ ಕೆಂಪೋ ಹಸಿರೋ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿಲ್ಲ.

ಹಳೇ ಟಿಕೆಟ್ (ಮೈಸೂರು) ಉತ್ತರ:

ಮೊದಲು ಆ ಹುಣಸೆಹಣ್ಣನ್ನು ಸಾರಿಗೆ ಹಾಕಿಬಿಡಿ ಮೇಡಂ. ಮಿಕ್ಕಿದ್ದು ಆಮೇಲೆ.

6,200 ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದಲೇ ಇಸಿದುಕೊಳ್ಳುವವನು ವ್ಯಾಪಾರಿ ಅಲ್ಲ. ರಿಸರ್ವ್ ಬ್ಯಾಂಕು ಹಳೇ ನಾಣ್ಯ, ನೋಟು ಕೊಳ್ಳುವ ಮಾರುವ ವ್ಯವಹಾರ ಮಾಡುವುದೇ ಇಲ್ಲ, ಅದಕ್ಕೆ ಯಾರ ಹತ್ತಿರವೂ ಫೀಸು ಕೇಳುವುದಿಲ್ಲ. 2021ರ ಆಗಸ್ಟಿನಲ್ಲಿ ಇದನ್ನು ಅವರೇ ಪ್ರಕಟಣೆ ಕೊಟ್ಟು ಹೇಳಿದ್ದಾರೆ. ಆ ಮೊಹರು ಯಾವನೋ ಕಂಪ್ಯೂಟರಲ್ಲಿ ಅಂಟಿಸಿದ್ದು. ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. 750 ವಾಪಸ್ ಬರುತ್ತೋ ಇಲ್ಲವೋ, ದೂರಂತೂ ದಾಖಲಾಗಲಿ. ಹುಡುಗನನ್ನು ಜಾಸ್ತಿ ಬಯ್ಯಬೇಡಿ. ನನ್ನ ಪರಿಚಯದ ಒಬ್ಬ ಮೇಷ್ಟರು ಇದೇ ಥರದ ಫೋನಿಗೆ ಒಂದು ತಿಂಗಳ ಪೆನ್ಷನ್ ಕಳೆದುಕೊಂಡರು.

ಈಗ ನಾಣ್ಯದ ವಿಷಯ. ನಾಣ್ಯ ಅಸಲಿಯೇ ಇರಬೇಕು. ಎರಡು ರೂಪಾಯಿಯನ್ನು ನಕಲಿ ಮಾಡುವ ಶ್ರಮ ಯಾರಿಗೆ ಬೇಕು? ಆದರೂ ಅಂಚಿನ ಮೂಲೆ ಎಣಿಸಿ ನೋಡಿ, ಹನ್ನೊಂದು ಇರಬೇಕು. ಅಡ್ಡಳತೆ 26 ಮಿಲಿಮೀಟರ್, ತೂಕ 6 ಗ್ರಾಂ. ಫ್ರಿಜ್ ಮೇಲಿನ ಆಯಸ್ಕಾಂತ ಹಿಡಿದು ನೋಡಿ, ಅಂಟಬಾರದು. ಇದು ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹ, ಮುಕ್ಕಾಲು ಪಾಲು ತಾಮ್ರವೇ. ಅಷ್ಟು ತಾಮ್ರ ಇದ್ದೂ ಬಣ್ಣ ಬೆಳ್ಳಗೆ ಹೇಗೆ ಅಂತ ನನಗೆ ಇವತ್ತಿಗೂ ಸೋಜಿಗ. 2005ರಿಂದ ಬಂದ 2 ರೂಪಾಯಿ ಸ್ಟೀಲಿನದು, ಅದು ಆಯಸ್ಕಾಂತಕ್ಕೆ ಟಪ್ ಅಂತ ಅಂಟುತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹುಡುಗನಿಗೆ ತೋರಿಸಿ, ಮಜಾ ಇರುತ್ತೆ. ಇಸವಿಯ ಕೆಳಗೆ ಏನಾದರೂ ಗುರುತು ಇದೆಯಾ ಅಂತಲೂ ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ಚುಕ್ಕೆ ಇದ್ದರೆ ನೋಯ್ಡಾ, ಡೈಮಂಡ್ ಇದ್ದರೆ ಮುಂಬೈ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಇದು ಭಾರತದ ರೈಲಿಗೆ 150 ವರ್ಷ ತುಂಬಿದ ನೆನಪಿಗೆ ಹೊರಡಿಸಿದ ನಾಣ್ಯ. 1853ರ ಏಪ್ರಿಲ್ 16ಕ್ಕೆ ಮುಂಬೈನ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೋಯಿತಲ್ಲ, ಆ ಲೆಕ್ಕ. 34 ಕಿಲೋಮೀಟರ್ ದಾರಿ, ಹದಿನಾಲ್ಕು ಡಬ್ಬಿ, ಸುಮಾರು 400 ಜನ. ಎಳೆದದ್ದು ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್. ಆ ಮೂರರಲ್ಲಿ ಒಂದನ್ನಾದರೂ ನಾಣ್ಯದ ಮೇಲೆ ಹಾಕಬಹುದಿತ್ತು ಅಂತ ನಮ್ಮ ನಾಣ್ಯದ ಬಳಗದಲ್ಲಿ ಒಬ್ಬರು ಈಗಲೂ ಗೊಣಗುತ್ತಾರೆ. ನನಗೆ ಈ ಗಾರ್ಡ್ ಆನೆಯೇ ಇಷ್ಟ. ಎಂಜಿನ್ ಎಲ್ಲ ದೇಶದ ನಾಣ್ಯದಲ್ಲೂ ಸಿಗುತ್ತೆ. ಗಾರ್ಡನ್ನು ನಾಣ್ಯದ ಮೇಲೆ ಬೇರೆಲ್ಲೂ ನಾನು ನೋಡಿಲ್ಲ. ಎಲ್ಲರ ಕಣ್ಣೂ ಮುಂದಿನ ಎಂಜಿನ್ ಮೇಲೆ, ಕೊನೇ ಡಬ್ಬಿಯಲ್ಲಿ ನಿಂತವನನ್ನು ನೋಡುವವರು ಯಾರು?

ರೈಲ್ವೆಯ 150ರ ಸಂಭ್ರಮಕ್ಕೆ ಗುರುತಾಗಿ ಮಾಡಿದ ಈ ಆನೆಯ ಹೆಸರು ಭೋಲು. ಪೂರ್ತಿ ಹೆಸರು ಬೇಕಾದರೆ ಭೋಲು ಗಾರ್ಡ್. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿದ್ದು. ಅದನ್ನು ಮೊದಲು ಜನರ ಮುಂದೆ ತಂದದ್ದು ದೆಹಲಿಯಲ್ಲಲ್ಲ, ಮುಂಬೈಯಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ. 2002ರ ಏಪ್ರಿಲ್ 16, ಸಂಜೆ 6.25. ಸಿಟಿ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರಂ. ಭೋಲು ದೀಪ ತೋರಿಸಿದ ಮೇಲೆ ಕರ್ನಾಟಕ ಎಕ್ಸ್‌ಪ್ರೆಸ್ ಹೊರಟಿತು.

ಹಾಗಾಗಿ ನಿಮ್ಮ ತಂದೆಯವರಿಗೆ ಹೇಳಿ: ದೀಪ ಹಸಿರು. ಬಣ್ಣದ ಚಿತ್ರದಲ್ಲಿ ಅದು ಹಸಿರೇ. ನಾಣ್ಯದಲ್ಲಿ ಬಣ್ಣ ಬರುವುದಿಲ್ಲವಾದ್ದರಿಂದ ಅವರ ಅನುಮಾನ ನ್ಯಾಯವಾದದ್ದೇ. ನಾನು ಇಪ್ಪತ್ತು ವರ್ಷದಿಂದ ಈ ನಾಣ್ಯ ನೋಡುತ್ತಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಗಾರ್ಡಿಗೇ ಹೊಳೆಯಬೇಕು. ಅಂದಹಾಗೆ 2022ರ ಜನವರಿಯಿಂದ ಗಾರ್ಡ್ ಅನ್ನೋ ಹುದ್ದೆಯ ಹೆಸರನ್ನು ಟ್ರೈನ್ ಮ್ಯಾನೇಜರ್ ಅಂತ ಬದಲಾಯಿಸಿದ್ದಾರೆ. ಭೋಲುವಿಗೆ ಬಡ್ತಿ ಸಿಕ್ಕಿತೋ ಇಲ್ಲವೋ, ನಿಮ್ಮ ಅಪ್ಪನವರೇ ಹೇಳಬೇಕು.

ಬೆಲೆ? ಬೇಜಾರು ಮಾಡಿಕೊಳ್ಳಬೇಡಿ. ಇದು ಚಲಾವಣೆಗೆ ಬಿಟ್ಟ ನಾಣ್ಯ, ಬೇಕಾದಷ್ಟು ಓಡಾಡಿದೆ. ನಾನು ಹೊಳೆಯುವುದೊಂದನ್ನು ಆರಿಸಿ 40 ರೂಪಾಯಿ ಕೊಟ್ಟು ಕೊಂಡಿದ್ದೆ. ಸವೆದದ್ದಕ್ಕೆ ಅಷ್ಟೂ ಬರಲ್ಲ. ಅಂಗಡಿಯಲ್ಲಿ ಕೊಟ್ಟರೆ ಇವತ್ತಿಗೂ ಎರಡು ರೂಪಾಯಿಯೇ, ತಗೊಳ್ಳಲ್ಲ ಅನ್ನೋ ಹಾಗಿಲ್ಲ.

ಹುಣಸೆಹಣ್ಣಿನ ಕಥೆ ಹೇಳದೆ ಬಿಡುವುದಿಲ್ಲ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಅಜ್ಜಿ ಕೊಟ್ಟ ಒಂದು ಹಳೇ ಬೆಳ್ಳಿ ರೂಪಾಯಿಗೆ ಹುಣಸೆ ಹಾಕಿ, ವಿಭೂತಿ ಹಾಕಿ, ತೆಂಗಿನ ನಾರಲ್ಲಿ ಉಜ್ಜಿದ್ದೆ. ದೇವರ ಮನೆಯ ತಂಬಿಗೆ ಥರ ಫಳಫಳ ಆಯಿತು. ಎರಡು ದಿನ ಊರಿಗೆಲ್ಲ ತೋರಿಸಿದೆ. ಆಮೇಲೆ ಲೆನ್ಸಿನಲ್ಲಿ ನೋಡಿದರೆ ರಾಜನ ಕೆನ್ನೆ ತುಂಬ ಗೀರು, ಗಡ್ಡದ ಕೂದಲು ಸವೆದು ಮೊಂಡಾಗಿತ್ತು. ಆ ನಾಣ್ಯ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಯಾರಾದರೂ ಉಜ್ಜಲಾ ಅಂತ ಕೇಳಿದರೆ ತೆಗೆದು ತೋರಿಸುತ್ತೇನೆ. ಕಪ್ಪು ಇದ್ದರೆ ಇರಲಿ. ತೀರಾ ಜಿಡ್ಡಿದ್ದರೆ ಬೆಚ್ಚಗಿನ ನೀರಲ್ಲಿ ಒಂದೆರಡು ಹನಿ ಸೋಪು ಹಾಕಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ, ಒತ್ತಿ. ಅಗ್ಗದ ಪ್ಲಾಸ್ಟಿಕ್ ಪಾಕೀಟಿನಲ್ಲಿ ಹಾಕಬೇಡಿ, ಕೆಲವು ವರ್ಷದಲ್ಲಿ ಹಸಿರು ಅಂಟು ಹಿಡಿಯುತ್ತೆ. ರಟ್ಟಿನ ಹೋಲ್ಡರ್ ನಾಲ್ಕೈದು ರೂಪಾಯಿಗೆ ಸಿಗುತ್ತೆ.

ರೈಟ್ ಹೋಗಲಿ ಉತ್ತರ:

ನನ್ನ ಹತ್ತಿರ ಹದಿನೇಳು ಇವೆ. ಲಕ್ಷದ ಗಿರಾಕಿ ಸಿಕ್ಕರೆ ನನಗೂ ಒಂದು ಮಾತು ತಿಳಿಸಿ, ಮಗಳ ಮದುವೆ ಇದೆ.

ತಮಾಷೆ ಬಿಡಿ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಆ ಹನ್ನೊಂದು ಮೂಲೆಯ ಬೆಲೆ ನಮ್ಮಂಥವರಿಗೆ ಗೊತ್ತು. ರಾತ್ರಿ ಬಸ್ಸಲ್ಲಿ ಲೈಟ್ ಆರಿಸಿದ ಮೇಲೂ ಬ್ಯಾಗಿಗೆ ಕೈ ಹಾಕಿದರೆ ಎರಡು ರೂಪಾಯಿ ಬೆರಳಿಗೇ ಗೊತ್ತಾಗುತ್ತಿತ್ತು. ಆಮೇಲೆ ಸ್ಟೀಲಿನ ದುಂಡನೆ ನಾಣ್ಯ ಬಂತು ನೋಡಿ. ಒಂದು ಯಾವುದು, ಎರಡು ಯಾವುದು? ಒಂದು ಅಂದುಕೊಂಡು ಎರಡು ಕೊಟ್ಟು ಎಷ್ಟು ದಿನ ಲೆಕ್ಕದಲ್ಲಿ ಕಮ್ಮಿ ಬಿದ್ದು ಕೈಯಿಂದ ಕಟ್ಟಿದ್ದೇನೋ. ಆ ಸಿಟ್ಟಿಗೇ ಹಳೇ ಮೂಲೆ ನಾಣ್ಯ ಬಂದಾಗಲೆಲ್ಲ ನನ್ನ ದುಡ್ಡು ಹಾಕಿ ಬದಲಾಯಿಸಿ ಎತ್ತಿಡುತ್ತಿದ್ದೆ. ಆನೆಯದೂ ಹಾಗೇ ಸೇರಿಕೊಂಡಿದ್ದು. ರೈಲು ಗೀಲು ಅಂತ ನಾನು ನೋಡಿರಲೇ ಇಲ್ಲ. ಯಾವುದೋ ಸರ್ಕಸ್ಸಿನ ನಾಣ್ಯ ಇರಬೇಕು ಅಂದುಕೊಂಡಿದ್ದೆ.

ಬರ್ಮಿಂಗ್‌ಹ್ಯಾಮ್ ಭಟ್ಟ ಉತ್ತರ:

ಹಳೇ ಟಿಕೆಟ್ ಸರ್, ಎಂಜಿನ್ ಎಲ್ಲ ಕಡೆ ಇರುತ್ತೆ ಅಂದಿರಲ್ಲ, ಇಲ್ಲಿನ ಕಥೆ ಸ್ವಲ್ಪ ಕೇಳಿ. ನನಗೆ ಇಲ್ಲಿ ಸೂಪರ್ ಮಾರ್ಕೆಟ್ಟಿನ ಚಿಲ್ಲರೆಯಲ್ಲೇ ಸಿಕ್ಕ 2 ಪೌಂಡಿನ ನಾಣ್ಯ ಒಂದಿದೆ, 2004ರದು. ರಿಚರ್ಡ್ ಟ್ರೆವಿಥಿಕ್‌ನ ಉಗಿ ಎಂಜಿನ್‌ಗೆ 200 ವರ್ಷ ಆದದ್ದಕ್ಕೆ. 1804ರ ಫೆಬ್ರವರಿಯಲ್ಲಿ ವೇಲ್ಸಿನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ ಆ ಎಂಜಿನ್ ಹತ್ತು ಟನ್ ಕಬ್ಬಿಣ ಎಳೆದುಕೊಂಡು ಹೋಗಿತ್ತು, ಮೇಲೆ ಎಪ್ಪತ್ತು ಜನ ಹತ್ತಿಕೊಂಡು. ಒಂಬತ್ತು ಮೈಲಿಗೆ ನಾಲ್ಕು ಗಂಟೆ! ನಮ್ಮ ಕಡೆ ಗೂಡ್ಸ್ ಗಾಡಿ ಬೇರೆ ಗಾಡಿಗೆ ದಾರಿ ಬಿಡಲು ಪಕ್ಕದ ಲೂಪ್ ಲೈನಿನಲ್ಲಿ ನಿಂತರೆ ಈಗಲೂ ಅದೇ ಸ್ಪೀಡು ಬಿಡಿ.

ಆದರೆ ನನಗೆ ಇಷ್ಟವಾದದ್ದು ಅದರ ಅಂಚು. ಸಾಮಾನ್ಯವಾಗಿ 2 ಪೌಂಡಿನ ಅಂಚಿನಲ್ಲಿ ಏನಾದರೂ ಬರೆದಿರುತ್ತಾರೆ. ಇದರಲ್ಲಿ ಅಕ್ಷರ ಇಲ್ಲ, ಸುತ್ತಲೂ ಸೇತುವೆಯ ಕಮಾನುಗಳು. ಬೆರಳಲ್ಲಿ ಉರುಳಿಸುತ್ತಾ ಹೋದರೆ ಕಮಾನು ಮುಗಿಯುವುದೇ ಇಲ್ಲ. 2013ರಲ್ಲಿ ಲಂಡನ್ನಿನ ಸುರಂಗ ರೈಲಿಗೆ 150 ವರ್ಷ ಆದಾಗ ಎರಡು ನಾಣ್ಯ ಬಂದವು. ಅದರಲ್ಲಿ ಒಂದರ ಅಂಚಿನಲ್ಲಿ "ಮೈಂಡ್ ದ ಗ್ಯಾಪ್" ಅಂತಲೇ ಕೆತ್ತಿದ್ದಾರೆ. ಪ್ಲಾಟ್‌ಫಾರಂನಲ್ಲಿ ದಿನಾ ಕೂಗುವ ಅದೇ ಮಾತು. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಅರ್ಥವಾದ ಮೊದಲ ಇಂಗ್ಲಿಷ್ ಅನೌನ್ಸ್‌ಮೆಂಟ್ ಅದೇ. ಹಾಗಾಗಿ ಆ ನಾಣ್ಯ ಖರ್ಚು ಮಾಡಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ಸಣ್ಣ ವಿಷಯ. ಈ 2 ಪೌಂಡಿನ ಒಳಗಿನ ಬಿಳಿ ಬಿಲ್ಲೆಯೂ ತಾಮ್ರ, ನಿಕ್ಕಲ್ ಮಿಶ್ರಣವೇ. ಅಂದರೆ ಭೋಲುವಿನ ಲೋಹವೇ.

ಹಳೇ ಟಿಕೆಟ್ ಉತ್ತರ:

ಭಟ್ಟರೇ, ಅಂಚಿನ ವಿಷಯ ಹೇಳಿ ಹೊಟ್ಟೆ ಉರಿಸಿದಿರಿ. ನಮ್ಮ ಜನ ನಾಣ್ಯದ ಅಂಚು ನೋಡುವುದೇ ಇಲ್ಲ.

ಅರಸೀಕೆರೆಯವರ ತಂದೆಯ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ನಾಣ್ಯಕ್ಕೆ ಬಣ್ಣ ತರಲು ಆಗುವುದೇ ಇಲ್ಲ ಅಂತಲ್ಲ. ಆಸ್ಟ್ರಿಯಾದವರು 2004ರಲ್ಲಿ ಸೆಮ್ಮರಿಂಗ್ ಬೆಟ್ಟದ ರೈಲಿಗೆ 150 ವರ್ಷ ಆದದ್ದಕ್ಕೆ 25 ಯೂರೋ ನಾಣ್ಯ ಮಾಡಿದರು. ಹೊರಗಿನ ಉಂಗುರ ಬೆಳ್ಳಿ, ನಡುವಿನ ಬಿಲ್ಲೆ ನಿಯೋಬಿಯಂ ಅನ್ನೋ ಲೋಹ. ಆ ನಡುವಿನ ಬಿಲ್ಲೆ ಹಸಿರು. ಬಣ್ಣ ಬಳಿದದ್ದಲ್ಲ. ಆ ಲೋಹಕ್ಕೆ ವಿದ್ಯುತ್ ಹಾಯಿಸಿದರೆ ಮೇಲೆ ತೆಳುವಾದ ಒಂದು ಪೊರೆ ಕಟ್ಟುತ್ತೆ. ಪೊರೆ ಎಷ್ಟು ದಪ್ಪ ಅನ್ನೋದರ ಮೇಲೆ ಬಣ್ಣ ಬದಲಾಗುತ್ತೆ, ನೀರಿನ ಮೇಲೆ ಎಣ್ಣೆ ಬಿದ್ದರೆ ಬಣ್ಣ ಕಾಣುತ್ತಲ್ಲ, ಹಾಗೆ. ಭೋಲುವಿನ ದೀಪಕ್ಕೆ ಅಂಥದ್ದೊಂದು ಚುಕ್ಕಿ ಇಟ್ಟಿದ್ದರೆ! ಎರಡು ರೂಪಾಯಿಗೆ ಆಗುವ ಮಾತಲ್ಲ, ಗೊತ್ತು. ಸುಮ್ನೆ ಹೇಳಿದೆ.

ಪ್ಲಾಟ್‌ಫಾರಂ ಟಿಕೆಟ್ ಉತ್ತರ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 150ಕ್ಕೆ ನಾಣ್ಯ ಮಾಡಿದರು ಸರಿ, 100 ತುಂಬಿದಾಗ ಯಾಕೆ ಮಾಡಲಿಲ್ಲ? ಇನ್ನೊಂದು, ಇದೇ ರೈಲ್ವೆ ನೆನಪಿನ 100 ರೂಪಾಯಿ ನಾಣ್ಯ ಅಂತ ಒಬ್ಬರು ತೋರಿಸಿದರು, ಶುದ್ಧ ಬೆಳ್ಳಿ ಅಂತೆ. ತಗೊಳ್ಳಬಹುದಾ?

ಹಳೇ ಟಿಕೆಟ್ ಉತ್ತರ:

1953ರಲ್ಲಿ ನಮ್ಮಲ್ಲಿ ನೆನಪಿನ ನಾಣ್ಯ ಹೊರಡಿಸುವ ರೂಢಿಯೇ ಇರಲಿಲ್ಲ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ 1964ರಲ್ಲಿ ಬಂದ ನೆಹರೂ ನಾಣ್ಯ. ರೈಲಿನ ನೂರಕ್ಕೆ ಅಂಚೆಚೀಟಿ ತಂದರು, ಎರಡಾಣೆಯದು. ಅದರಲ್ಲಿ 1853ರ ಎಂಜಿನ್ನೂ 1953ರ ಎಂಜಿನ್ನೂ ಎರಡೂ ಇವೆ. ಗೊಣಗುವ ನಮ್ಮ ಗೆಳೆಯರಿಗೆ ನಾನು ಅದನ್ನೇ ಉಡುಗೊರೆ ಕೊಟ್ಟೆ. ಈಗ ಅಂಚೆಚೀಟಿ ಬಣ್ಣ ಮಾಸಿದೆ ಅಂತ ಗೊಣಗುತ್ತಾರೆ.

100 ರೂಪಾಯಿಯದು ಬೇರೆ ಕಥೆ. ಅದು ಚಲಾವಣೆಗೆ ಅಲ್ಲ, ಸಂಗ್ರಹ ಮಾಡುವವರಿಗಾಗಿ ಟಂಕಸಾಲೆಯವರು ಸೆಟ್ ಮಾಡಿ ಮಾರಿದ್ದು. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅಂಗೈ ತುಂಬ ಬರುತ್ತೆ. ಶುದ್ಧ ಬೆಳ್ಳಿ ಅನ್ನೋದು ಸುಳ್ಳು. ಬೆಳ್ಳಿ ಅರ್ಧ ಮಾತ್ರ. 40 ಭಾಗ ತಾಮ್ರ, ಐದು ನಿಕ್ಕಲ್, ಐದು ಸತು. ಅಂದರೆ ಬೆಳ್ಳಿ ಹದಿನೇಳೂವರೆ ಗ್ರಾಂ. ಇವತ್ತಿನ ಬೆಳ್ಳಿ ದರ ನೋಡಿ ಆ ಲೆಕ್ಕ ಹಾಕಿಕೊಳ್ಳಿ, ಅದರ ಮೇಲೆ ಸಂಗ್ರಹದ ಬೆಲೆ ಸ್ವಲ್ಪ. ಪೆಟ್ಟಿಗೆ, ಒಳಗಿನ ಚೀಟಿ ಎಲ್ಲ ಇದೆಯಾ ಕೇಳಿ. ಪೆಟ್ಟಿಗೆಯಿಂದ ತೆಗೆದು ಬೆರಳ ಗುರುತು ಮೂಡಿಸಿದ್ದರೆ ಬೆಲೆ ಬಿತ್ತು. ಅಂದಹಾಗೆ ಬೆಳ್ಳಿ ಆಸೆಗೆ ಕರಗಿಸಲು ಹೋಗಬೇಡಿ, 2011ರ ನಾಣ್ಯ ಕಾಯ್ದೆಯಲ್ಲಿ ಅದು ಅಪರಾಧ.

ಅರಸೀಕೆರೆ ಜಂಕ್ಷನ್ ಉತ್ತರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆ ಹುಣಸೆಹಣ್ಣು ನಿನ್ನೆ ಸಾರಿಗೇ ಹೋಯಿತು.

1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆ ಫೋನಿನವನು ಇನ್ನೂ ಎರಡು ಸಲ ಮಾಡಿದ. ಕೊನೇ ಸಲ ಅಪ್ಪ ಎತ್ತಿಕೊಂಡು ಅವರ ಹಳೇ ದನಿಯಲ್ಲಿ ಏನೋ ಹೇಳಿದರು. ಮತ್ತೆ ಮಾಡಿಲ್ಲ.

ಮೂಲೆ ಎಣಿಸಿದೆವು, ಹನ್ನೊಂದೇ. ಅಣ್ಣನ ಮಗ ಫ್ರಿಜ್ಜಿನ ಆಯಸ್ಕಾಂತ ತಂದು ಮನೆಯಲ್ಲಿದ್ದ ಚಿಲ್ಲರೆಗೆಲ್ಲ ಹಿಡಿದ. ಅಂಟಿದ್ದೊಂದು ಗುಡ್ಡೆ, ಅಂಟದ್ದೊಂದು ಗುಡ್ಡೆ. ಆನೆ ಅಂಟಲಿಲ್ಲ. ಇಸವಿಯ ಕೆಳಗೆ ಏನೂ ಗುರುತಿಲ್ಲ, ಅಂದರೆ ಕೋಲ್ಕತ್ತ ಅಲ್ವಾ?

ದೀಪ ಹಸಿರಂತೆ ಅಂತ ಅಪ್ಪನಿಗೆ ಹೇಳಿದೆ. "ಹಸಿರಾದರೆ ಸರಿ" ಅಂದರು. ಕೆಂಪಾಗಿದ್ದರೆ ಏನಾಗ್ತಿತ್ತು ಅಂದರೆ, ಗಾರ್ಡ್ ಕೆಂಪು ತೋರಿಸಿಕೊಂಡು ನಗುತ್ತಾ ನಿಲ್ಲಲ್ಲ ಅಂದರು. ಆಮೇಲೆ ಅರ್ಧ ಗಂಟೆ ಅವರ ಸೀಮೆಣ್ಣೆ ದೀಪದ ಕಥೆ. ಕೆಂಪು, ಹಸಿರು, ಬಿಳಿ, ಮೂರೂ ಒಂದೇ ದೀಪದಲ್ಲಿ, ಗಾಜು ತಿರುಗಿಸಬೇಕು. ಮಳೆಗಾಲದಲ್ಲಿ ಗಾರ್ಡ್ ಇರುವ ಕೊನೇ ಡಬ್ಬಿ, ಬ್ರೇಕ್ ವ್ಯಾನಿನೊಳಗೆ ಗಾಳಿ ನುಗ್ಗಿ ಬತ್ತಿ ಆರಿಹೋಗುತ್ತಿತ್ತಂತೆ, ಬೆಂಕಿಪೊಟ್ಟಣವನ್ನು ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ನಮಗೆ ಯಾವತ್ತೂ ಹೇಳಿರಲಿಲ್ಲ. ಭೋಲು ದೀಪ ತೋರಿಸಿದ ಸಂಜೆ ನೀವೆಲ್ಲಿದ್ದಿರಿ ಅಂತ ಕೇಳಿದೆ. ಆ ಸಂಜೆ ಯಾರಿಗೆ ನೆನಪಿರುತ್ತೆ, ಯಾವುದೋ ಲೂಪ್ ಲೈನಿನಲ್ಲಿ ನಿಂತಿದ್ದಿರಬೇಕು ಅಂದರು. ಭಟ್ಟರೇ, ಲೂಪ್ ಲೈನಿನ ಈ ಮಾತು ನಿಮಗೇ.

ಐದೇ ಯಾಕೆ ಅನ್ನೋದೂ ಗೊತ್ತಾಯಿತು. ಬುಕಿಂಗ್ ಕೌಂಟರಿಗೆ ಹೊಸ ಚಿಲ್ಲರೆ ಬಂದ ದಿನ ಹತ್ತು ರೂಪಾಯಿ ಕೊಟ್ಟು ಬದಲಾಯಿಸಿಕೊಂಡಿದ್ದರಂತೆ. ಆಗ ಮನೆಯಲ್ಲಿ ನಾವು ಐದು ಜನ. ತಲೆಗೊಂದು. ಕೊಡಲು ಮರೆತುಹೋಗಿದೆ, ಅಷ್ಟೇ.

ಇವತ್ತು ಪೇಟೆಯಿಂದ ರಟ್ಟಿನ ಹೋಲ್ಡರ್ ತಂದೆ. ಹಾಕೋಣ ಅಂತ ಡಬ್ಬಿ ತೆಗೆದರೆ ನಾಲ್ಕೇ ಇವೆ. ಮನೆಯೆಲ್ಲ ಹುಡುಕಿದೆವು. ಹುಡುಗನ ಮೇಲೆ ಅನುಮಾನ ಪಟ್ಟು ಒಂದು ಸುತ್ತು ಜಗಳವೂ ಆಯಿತು. ಅಪ್ಪ ಪೇಪರ್ ಓದುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ, ಶರ್ಟಿನ ಜೇಬನ್ನು ಮಾತ್ರ ಒಂದು ಸಲ ಮುಟ್ಟಿ ನೋಡಿಕೊಂಡರು. ಒಂದು ಹೋಲ್ಡರ್ ಮಿಕ್ಕಿದೆ.